ಟ್ರ್ಯಾಕ್ಟರಿನ ಹೈಡ್ರಾಲಿಕ್ ಬಂದ ದಾರಿ ಮತ್ತು ನಮ್ಮ ಮನೆಯ ಒಂದು ಸೋರಿಕೆ



ನಮ್ಮ ಸಂಘವು ರಜತ ಮಹೋತ್ಸವ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ಒತ್ತಾಯ ಮಾಡಿದರು. ನಾನು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಸಹಕಾರ ಚಳವಳಿಯ ಬಗ್ಗೆ ಬರೆಯಲು ತಿಳಿದವರು ಬಹಳ ಜನ ಇದ್ದಾರೆ. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ದೀಪದ ಕಥೆ ನಮಗೆಲ್ಲ ಗೊತ್ತಿದ್ದದ್ದೇ. ಆದ್ದರಿಂದ ನಾನು ದಿನಾ ಕೈಯಾಡಿಸುವ ಒಂದು ವಸ್ತುವಿನ ಚರಿತ್ರೆ ಬರೆಯುತ್ತೇನೆ. ಅದೇ ಟ್ರ್ಯಾಕ್ಟರಿನ ಹಿಂದಿನ ಹೈಡ್ರಾಲಿಕ್ ಲಿಫ್ಟ್.

ಸೀಟಿನ ಪಕ್ಕದ ಲಿವರ್ ಎತ್ತಿದರೆ ನೇಗಿಲು ಮೇಲೇಳುತ್ತದೆ, ಇಳಿಸಿದರೆ ಇಳಿಯುತ್ತದೆ. ಇವತ್ತಿನ ಹುಡುಗರಿಗೆ ಇದರಲ್ಲಿ ಏನೂ ವಿಶೇಷ ಕಾಣುವುದಿಲ್ಲ. ಆದರೆ ನೂರು ವರ್ಷದ ಹಿಂದೆ ಹೀಗಿರಲಿಲ್ಲ. ಆಗ ಟ್ರ್ಯಾಕ್ಟರ್ ಅಂದರೆ ಎತ್ತಿನ ಬದಲು ಕಟ್ಟಿದ ಒಂದು ಭಾರವಾದ ಯಂತ್ರ ಅಷ್ಟೇ. ನೇಗಿಲನ್ನು ಹಿಂದೆ ಸರಪಳಿಯಿಂದಲೋ ಕೊಂಡಿಯಿಂದಲೋ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಮೇಲೆದ್ದು, ಇಡೀ ಯಂತ್ರ ಹಿಂದಕ್ಕೆ ಮಗುಚಿ ಡ್ರೈವರ್ ಮೇಲೆ ಬೀಳುತ್ತಿತ್ತು. ಹೀಗೆ ಸತ್ತವರು ಬಹಳ.

ಇದನ್ನು ಸರಿಪಡಿಸಿದವರು ಹ್ಯಾರಿ ಫರ್ಗ್ಯುಸನ್. 1884ರಲ್ಲಿ ಐರ್ಲೆಂಡಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ತಾವೇ ಕಟ್ಟಿದ ವಿಮಾನವನ್ನು 1909ರ ಡಿಸೆಂಬರ್ 31ರಂದು ಹಾರಿಸಿದ ಸಾಹಸಿ. ಮೊದಲ ಮಹಾಯುದ್ಧದಲ್ಲಿ ಆಹಾರದ ಅಭಾವ ಆದಾಗ, 1917ರಲ್ಲಿ, ಅಲ್ಲಿಯ ಸರ್ಕಾರ ಟ್ರ್ಯಾಕ್ಟರುಗಳ ಕೆಲಸ ಸುಧಾರಿಸಲು ಇವರಿಗೆ ಹೇಳಿತು. ಊರೂರು ತಿರುಗಿ ನೋಡಿದ ಮೇಲೆ ಅವರಿಗೆ ಒಂದು ಮಾತು ಹೊಳೆಯಿತು: ನೇಗಿಲು ಬೇರೆ, ಟ್ರ್ಯಾಕ್ಟರ್ ಬೇರೆ ಇರಬಾರದು, ಎರಡೂ ಒಂದೇ ಯಂತ್ರ ಆಗಬೇಕು.

ಅದಕ್ಕೇ ಮೂರು ಕೊಂಡಿಯ ಜೋಡಣೆ ಬಂತು. ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕ್. ನೇಗಿಲಿಗೆ ಮಣ್ಣು ಬಿಗಿಯಾದಾಗ ಟಾಪ್ ಲಿಂಕ್ ಮುಂದಕ್ಕೆ ಒತ್ತುತ್ತದೆ. ಆ ಒತ್ತಡದಿಂದ ಟ್ರ್ಯಾಕ್ಟರಿನ ಮುಂಭಾಗ ಏಳದೆ ನೆಲಕ್ಕೆ ಕೂರುತ್ತದೆ. ಅದೇ ಲಿಂಕಿನ ತಳದಲ್ಲಿರುವ ಸ್ಪ್ರಿಂಗ್ ಅಮುಕಿದಾಗ ಹೈಡ್ರಾಲಿಕ್ಕಿನ ವಾಲ್ವ್ ತೆರೆದು ನೇಗಿಲು ತಾನಾಗಿ ಸ್ವಲ್ಪ ಮೇಲೇಳುತ್ತದೆ. ಮಣ್ಣು ಸಡಿಲಾದರೆ ಮತ್ತೆ ಇಳಿಯುತ್ತದೆ. ನೇಗಿಲಿನ ಭಾರವೂ ಹಿಂದಿನ ಗಾಲಿಗಳ ಮೇಲೆ ಬೀಳುವುದರಿಂದ ಗಾಲಿ ಜಾರುವುದು ಕಡಿಮೆ. ಹೀಗಾಗಿ ಹಗುರ ಟ್ರ್ಯಾಕ್ಟರ್ ಕೂಡ ಭಾರದ ಟ್ರ್ಯಾಕ್ಟರಿನ ಕೆಲಸ ಮಾಡತೊಡಗಿತು.

1936ರಲ್ಲಿ ಈ ಪದ್ಧತಿಯ ಟ್ರ್ಯಾಕ್ಟರ್ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂತು. 1938ರಲ್ಲಿ ಫರ್ಗ್ಯುಸನ್ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡ್ ಅವರಿಗೆ ತೋರಿಸಿದರು. ಇಬ್ಬರೂ ಕಾಗದ ಪತ್ರ ಇಲ್ಲದೆ ಬರೀ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು. 1939ರಿಂದ ಫೋರ್ಡ್ ಕಾರ್ಖಾನೆಯಲ್ಲಿ ಟ್ರ್ಯಾಕ್ಟರ್ ತಯಾರಾಯಿತು. ಮುಂದೆ ಫೋರ್ಡ್ ಅವರ ಮೊಮ್ಮಗ ಅಧಿಕಾರಕ್ಕೆ ಬಂದಾಗ ಒಪ್ಪಂದ ಮುರಿದು ಬಿತ್ತು, ಆದರೆ ಟ್ರ್ಯಾಕ್ಟರಿನಲ್ಲಿ ಅದೇ ಪದ್ಧತಿ ಮುಂದುವರಿಯಿತು. ಫರ್ಗ್ಯುಸನ್ ಕೋರ್ಟಿಗೆ ಹೋದರು. 1952ರಲ್ಲಿ 92 ಲಕ್ಷ 50 ಸಾವಿರ ಡಾಲರಿಗೆ ರಾಜಿ ಆಯಿತು. ನಮ್ಮ ಸಂಘದಲ್ಲಿ ಸಣ್ಣ ಮಾತಿಗೂ ಠರಾವು ಪುಸ್ತಕ ತೆಗೆಯುತ್ತಾರೆಂದು ಬೇಸರಪಡುವ ಸದಸ್ಯರು ಈ ಕಥೆ ನೆನಪಿಡಬೇಕು. ದೊಡ್ಡವರ ಕೈ ಕುಲುಕಾಟವೂ ಒಂದು ತಲೆಮಾರು ದಾಟಲಿಲ್ಲ.

ಆ ನಡುವೆ 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಫರ್ಗ್ಯುಸನ್ ಅವರ ಬೂದು ಬಣ್ಣದ ಸಣ್ಣ ಟ್ರ್ಯಾಕ್ಟರ್ 5 ಲಕ್ಷಕ್ಕೂ ಹೆಚ್ಚು ತಯಾರಾದವು. 1953ರಲ್ಲಿ ಅವರ ಕಂಪನಿ ಕೆನಡಾದ ಮ್ಯಾಸಿ ಹ್ಯಾರಿಸ್ ಜೊತೆ ಸೇರಿತು. ನಾವು ಬಾಯಿತುಂಬ ಹೇಳುವ 'ಮ್ಯಾಸಿ' ಹುಟ್ಟಿದ್ದು ಹೀಗೆ. ಫರ್ಗ್ಯುಸನ್ 1960ರಲ್ಲಿ ತೀರಿಕೊಂಡರು. ಅದೇ ವರ್ಷ ಆಗಿನ ಮದ್ರಾಸಿನಲ್ಲಿ ಟಾಫೆ ಕಂಪನಿ ಸ್ಥಾಪನೆಯಾಗಿ, ಆ ಪದ್ಧತಿ ದಕ್ಷಿಣ ಭಾರತದ ಹೊಲಗಳಿಗೆ ಬಂತು. ಇವತ್ತು ಯಾವ ಕಂಪನಿಯ ಟ್ರ್ಯಾಕ್ಟರ್ ತಂದರೂ ಹಿಂದೆ ಅದೇ ಮೂರು ಕೊಂಡಿ.

ಇನ್ನು ನಮ್ಮ ಮನೆಯ ಕಥೆ. ನಮ್ಮ ತಂದೆಯವರು 1998ರಲ್ಲಿ ಹಳೆಯ 35 ಹಾರ್ಸ್ ಪವರಿನ ಟ್ರ್ಯಾಕ್ಟರ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ಅದರ ಪಂಪು ಇದೇ ಫರ್ಗ್ಯುಸನ್ ನಮೂನೆಯದು. ಹೊರಗೆ ಕಾಣುವುದಿಲ್ಲ, ಹಿಂದಿನ ಹೌಸಿಂಗಿನ ಒಳಗೆ ಎಣ್ಣೆಯಲ್ಲಿ ಮುಳುಗಿ ಕೂತಿರುತ್ತದೆ. ನಾಲ್ಕು ಪಿಸ್ಟನ್ನು. ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ.

2018ರ ಹಿಂಗಾರಿ. ಮಳೆ ಬಂದು ಹೊಲ ಹದಕ್ಕೆ ಬಂದಿತ್ತು. ನಮ್ಮ ಕಡಲೆ, ಜೋಳ ಅಲ್ಲದೆ ಮಗ್ಗುಲ ಹೊಲದ ನಾಲ್ಕು ಮನೆಯವರ ಬಿತ್ತನೆಗೂ ಬರುತ್ತೇನೆಂದು ಒಪ್ಪಿಕೊಂಡಿದ್ದೆ. ಆಗಲೇ ಲಿಫ್ಟ್ ಕೈಕೊಟ್ಟಿತು. ಎಂಜಿನ್ ನಡೆಯುತ್ತಿದ್ದರೆ ಕೂರಿಗೆ ಮೇಲೇಳುತ್ತದೆ, ಆದರೆ ಬಿಕ್ಕಳಿಕೆ ಬಂದವರ ಹಾಗೆ ಇಳಿಯುವುದು, ಏಳುವುದು. ಎಂಜಿನ್ ಬಂದ್ ಮಾಡಿದರೆ ನೋಡನೋಡುತ್ತಲೇ ನೆಲಕ್ಕೆ. ನೋಡಿದವರೆಲ್ಲ "ಪಂಪ್ ಹೋತು, ಹೊಸದು ಹಾಕಸ್ರಿ" ಅಂದರು. ಅಷ್ಟು ರೊಕ್ಕ ಕೈಯಲ್ಲಿ ಇರಲಿಲ್ಲ. ಮನೆಯವಳ ಬಂಗಾರ ಅಡವಿಡುವ ಮಾತೂ ಬಂತು. ತಂದೆಯವರು ಊಟ ಬಿಟ್ಟು ಕಟ್ಟೆಯ ಮೇಲೆ ಕೂತರು. ಹೊಲದ ಹಸಿ ಆರುತ್ತಿತ್ತು.

ಕೊನೆಗೆ ಪಕ್ಕದ ಊರಿನ ಒಬ್ಬ ಹಿರಿಯ ಮಿಸ್ತ್ರಿಯನ್ನು ಕರೆತಂದೆ. ಅವರು ಮೊದಲು ಪಾನಾ ಹಿಡಿಯಲೇ ಇಲ್ಲ. ಟ್ರ್ಯಾಕ್ಟರಿನ ಕೆಳಗೆ ಬಗ್ಗಿ ನೋಡಿದರು, ನೆಲ ಒಣಗಿತ್ತು. ಗೇಜ್ ಕಡ್ಡಿ ಎಳೆದು ನೋಡಿದರು, ಎಣ್ಣೆ ಮಟ್ಟಕ್ಕೇ ಇತ್ತು. "ತಮ್ಮಾ, ಎಣ್ಣಿ ಹೊರಗ ಹೋಗಿಲ್ಲ, ಒಳಗೊಳಗ ಸೋರತೈತಿ. ಇದಕ್ಕ ಎತ್ತೋ ಶಕ್ತಿ ಐತಿ, ಹಿಡಿಯೋ ಶಕ್ತಿ ಇಲ್ಲ. ಹಂಗಾದ್ರ ಮೊದಲ ಪಂಪಿನ ಮ್ಯಾಲೆ ಯಾಕ ತಪ್ಪು ಹೊರಸ್ತೀರಿ?" ಅಂದರು.

ಅವರ ಲೆಕ್ಕ ಹೀಗಿತ್ತು. ಪಂಪಿನಿಂದ ಹೊರಟ ಎಣ್ಣೆ ಒಂದು ನಿಂತ ಪೈಪಿನಲ್ಲಿ ಮೇಲಕ್ಕೆ ಹೋಗಿ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಆ ದಾರಿಯಲ್ಲಿ ಸೋರಬಹುದಾದ ಜಾಗ ನಾಲ್ಕು: ಪೈಪಿನ ಕೂಡಿಕೆಯ ಓ ರಿಂಗ್, ಸಿಲಿಂಡರ್ ಪಿಸ್ಟನ್ನಿನ ರಿಂಗ್, ಸೇಫ್ಟಿ ವಾಲ್ವ್, ಪಂಪಿನ ಸ್ವಂತ ವಾಲ್ವುಗಳು. ಖರ್ಚು ಕಡಿಮೆ ಇರುವುದನ್ನು ಮೊದಲು ನೋಡಬೇಕು, ಪಂಪು ಕಡೆಗೆ.

ಎಣ್ಣೆಯನ್ನು ಸ್ವಲ್ಪ ಇಳಿಸಿ ಪಕ್ಕದ ಮುಚ್ಚಳ ಬಿಚ್ಚಿದರು. ಕೂರಿಗೆಯ ಮೇಲೆ ಕಲ್ಲು ಹೇರಿ ಭಾರ ಮಾಡಿ, ಬಿದ್ದರೂ ತಡೆಯಲೆಂದು ಕೆಳಗೆ ಮರದ ದಿಮ್ಮಿ ಇಟ್ಟು, ಎಂಜಿನ್ ಚಾಲೂ ಮಾಡಿ ಎತ್ತಿಸಿ, ಬಂದ್ ಮಾಡಿಸಿದರು. ಬ್ಯಾಟರಿ ಬಿಟ್ಟು ಒಳಗೆ ನೋಡಿದರೆ ಪೈಪಿನ ಮೇಲಿನ ಕೂಡಿಕೆಯಿಂದ ಎಣ್ಣೆ ದಾರದಂತೆ ಚಿಮ್ಮುತ್ತಿತ್ತು. ಸಿಲಿಂಡರ್ ಕಡೆ ಏನೂ ಇಲ್ಲ. ನನ್ನ ತಮ್ಮನ ಮಗ ಬೆರಳಿಟ್ಟು ತೋರಿಸಲು ಹೋದ. ಮಿಸ್ತ್ರಿ ಅವನ ಕೈಗೆ ರಪ್ಪನೆ ಹೊಡೆದರು. ಆ ಎಣ್ಣೆಯ ಒತ್ತಡ ಚರ್ಮ ತೂರಿ ಒಳಗೆ ಹೋಗುವಷ್ಟು ಇರುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೈಯನ್ನೇ ಕಳೆದುಕೊಳ್ಳಬಹುದು. ಹಾಗೇನಾದರೂ ಆದರೆ ತಡಮಾಡದೆ ದವಾಖಾನೆಗೆ ಹೋಗಬೇಕು. ಸೋರಿಕೆ ಹುಡುಕಲು ರಟ್ಟಿನ ತುಂಡು ಹಿಡಿಯಬೇಕು, ಕೈ ಅಲ್ಲ. ಎತ್ತಿದ ಸಾಮಾನಿನ ಕೆಳಗೆ ಯಾರೂ ತಲೆ ಹಾಕಬಾರದು.

ಪೈಪು ಎಳೆದು ನೋಡಿದರೆ ಓ ರಿಂಗ್ ಬಳೆಯಂತೆ ಗಟ್ಟಿಯಾಗಿ ಒಂದು ಕಡೆ ಹರಿದಿತ್ತು. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು, ಅಂದರೆ ನೀರು ಸೇರಿತ್ತು. ತಪ್ಪು ಯಂತ್ರದ್ದಲ್ಲ, ನನ್ನದು. ಟ್ರ್ಯಾಕ್ಟರನ್ನು ಮಳೆಯಲ್ಲಿ ಬಯಲಿಗೆ ನಿಲ್ಲಿಸಿದ್ದೆ, ವರ್ಷಗಟ್ಟಲೆ ಎಣ್ಣೆ ಬದಲಿಸಿರಲಿಲ್ಲ. ಅದೇ ಅಳತೆಯ ಹೊಸ ರಿಂಗ್ ತಂದು, ಎಣ್ಣೆ ಸವರಿ, ಅಂಚಿಗೆ ತಾಗಿ ಹರಿಯದಂತೆ ನಿಧಾನವಾಗಿ ಕೂರಿಸಿದರು. ಜಾಳಿಗೆ ತೊಳೆದು, ಹೊಸ ಎಣ್ಣೆ ಹಾಕಿ, ಪ್ಯಾಕಿಂಗ್ ಬದಲಿಸಿ ಮುಚ್ಚಿದರು. ಲಿಫ್ಟ್ ಎತ್ತಿ, ಎಂಜಿನ್ ಬಂದ್ ಮಾಡಿ, ಕಡ್ಡಿಯಿಂದ ಅಳತೆ ಹಿಡಿದೆವು. ಅರ್ಧ ತಾಸಿನಲ್ಲಿ ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ರಿಂಗಿನ ಬೆಲೆ ಒಂದು ಊಟದ ರೊಕ್ಕಕ್ಕಿಂತ ಕಡಿಮೆ. ಎಣ್ಣೆಯದೇ ದೊಡ್ಡ ಖರ್ಚು. ಬಂಗಾರ ಪೆಟ್ಟಿಗೆಯಲ್ಲೇ ಉಳಿಯಿತು. ಐದೂ ಮನೆಯ ಬಿತ್ತನೆ ಹಸಿ ಆರುವುದರೊಳಗೆ ಮುಗಿಯಿತು.

ನಿರ್ದೇಶಕನಾಗಿ ಸಭೆಯಲ್ಲಿ ಕೂತಾಗ ಆ ಮಿಸ್ತ್ರಿಯ ಮಾತು ನೆನಪಾಗುತ್ತದೆ. ಸಂಘದಲ್ಲಿಯೂ ರೊಕ್ಕ ಕಡಿಮೆ ಬಿದ್ದಾಗ ಇಡೀ ಸಂಘವೇ ಕೆಟ್ಟಿತು ಅನ್ನುವವರು ಇರುತ್ತಾರೆ. ಬ್ಯಾಟರಿ ಹಿಡಿದು ನೋಡಿದರೆ ಎಲ್ಲೋ ಒಂದು ಸಣ್ಣ ಸುಸ್ತಿ ಬಾಕಿ, ಎಲ್ಲೋ ಬರೆಯದೆ ಬಿಟ್ಟ ಒಂದು ಲೆಕ್ಕ ಇರುತ್ತದೆ. ಅದನ್ನು ವೇಳೆಗೆ ಸರಿಯಾಗಿ ಬದಲಿಸಿದರೆ ಎತ್ತಿದ ಭಾರ ನಿಲ್ಲುತ್ತದೆ.

ಹಳೆಯ ಟ್ರ್ಯಾಕ್ಟರ್ ಇರುವ ರೈತ ಬಾಂಧವರು ಬಿತ್ತನೆಗೆ ಒಂದು ತಿಂಗಳು ಮೊದಲೇ ಎಣ್ಣೆಯ ಬಣ್ಣ ನೋಡಿರಿ, ನಿಲ್ಲಿಸುವಾಗ ಸಾಮಾನು ನೆಲಕ್ಕೆ ಇಳಿಸಿರಿ ಎಂದು ವಿನಂತಿಸಿ, ಸಂಘವು ಬಂಗಾರದ ಹಬ್ಬವನ್ನೂ ಕಾಣಲೆಂದು ಹಾರೈಸಿ ನನ್ನ ನಾಲ್ಕು ಮಾತು ಮುಗಿಸುತ್ತೇನೆ.

— ಸಂಘದ ಒಬ್ಬ ನಿರ್ದೇಶಕರು