ಒಂದು ಸಮಾಧಿ, ಆರು ಪಂಗಡ, ಒಂದು ಬೀಗದ ಕೈ

ಜೆರುಸಲೇಮಿನ ಹಳೆಯ ನಗರದಲ್ಲಿ ಪವಿತ್ರ ಸಮಾಧಿಯ ಚರ್ಚ್ ಇದೆ. ಯೇಸುವನ್ನು ಶಿಲುಬೆಗೇರಿಸಿದ್ದು, ಹೂಳಿದ್ದು, ಅವರು ಮತ್ತೆ ಎದ್ದು ಬಂದದ್ದು ಇಲ್ಲೇ ಎಂಬುದು ಕ್ರೈಸ್ತರ ನಂಬಿಕೆ. (ಶಿಲುಬೆಯ ವಿಷಯದಲ್ಲಿ ಮುಸ್ಲಿಮರ ನಂಬಿಕೆ ಬೇರೆ. ಅದು ಈ ಲೇಖನದ ವಿಷಯವಲ್ಲ.) ಇದರ ಮುಂಬಾಗಿಲ ಮೇಲಿನ ಕಿಟಕಿಯೊಂದರ ಕೆಳಗೆ ಸಣ್ಣ ಮರದ ಏಣಿಯೊಂದನ್ನು ಒರಗಿಸಿಡಲಾಗಿದೆ. 1728ರ ಚಿತ್ರವೊಂದರಲ್ಲೂ ಅಲ್ಲಿ ಏಣಿ ಕಾಣುತ್ತದೆ. ಯಾರೂ ಅದನ್ನು ಹತ್ತುವುದಿಲ್ಲ, ಯಾರೂ ಇಳಿಸುವುದೂ ಇಲ್ಲ. ಇಳಿಸಿದರೆ ಜಗಳವಾದೀತೆಂಬ ಭಯ!

ಚರ್ಚಿನಲ್ಲಿ ಗ್ರೀಕ್ ಆರ್ಥೊಡಾಕ್ಸ್, ಅರ್ಮೇನಿಯನ್, ರೋಮನ್ ಕ್ಯಾಥೊಲಿಕ್, ಕಾಪ್ಟಿಕ್, ಇಥಿಯೋಪಿಯನ್ ಮತ್ತು ಸಿರಿಯನ್ ಎಂಬ ಆರು ಪಂಗಡಗಳಿಗೆ ಹಕ್ಕಿದೆ. ಮೊದಲ ಮೂರು ಪಂಗಡಗಳದ್ದೇ ಮುಖ್ಯ ಪಾಲು. ಇವರ ನಡುವಿನ ತಕರಾರು ಶತಮಾನಗಳಷ್ಟು ಹಳೆಯದು. ಕ್ಯಾಥೊಲಿಕರ ಬೆನ್ನಿಗೆ ಫ್ರಾನ್ಸ್, ಆರ್ಥೊಡಾಕ್ಸರ ಬೆನ್ನಿಗೆ ರಷ್ಯಾ ನಿಂತಿದ್ದರಿಂದ ಅದು ರಾಜಕಾರಣವೂ ಆಯಿತು. 1853ರಲ್ಲಿ ಆರಂಭವಾದ ಕ್ರಿಮಿಯಾ ಯುದ್ಧದ ಕಾರಣಗಳಲ್ಲಿ ಈ ಪುಣ್ಯಸ್ಥಳಗಳ ತಕರಾರೂ ಒಂದು.

ಉಸ್ಮಾನಿ ಸುಲ್ತಾನರು 1757ರಲ್ಲಿ, ಮತ್ತೆ 1852ರಲ್ಲಿ ಫರ್ಮಾನು ಹೊರಡಿಸಿದರು. ಎರಡನೆಯ ಫರ್ಮಾನಿನ ಸಾರ ಇಷ್ಟೇ: ಈಗ ಯಾರ ಬಳಿ ಏನಿದೆಯೋ ಅದು ಅವರ ಬಳಿಯೇ ಇರಲಿ. ಇದಕ್ಕೆ ‘ಯಥಾಸ್ಥಿತಿ’ ಎಂಬ ಹೆಸರು ಬಂತು. 1878ರ ಬರ್ಲಿನ್ ಒಪ್ಪಂದ ಇದನ್ನು ಒಪ್ಪಿಕೊಂಡಿತು. ಯಾರು ಸರಿ, ಯಾರು ತಪ್ಪು ಎಂದು ಸುಲ್ತಾನರು ತೀರ್ಪು ಕೊಡಲಿಲ್ಲ ಎಂಬುದನ್ನು ಗಮನಿಸಬೇಕು. ತೀರ್ಪು ಕೊಟ್ಟಿದ್ದರೆ ಒಬ್ಬರು ಗೆದ್ದು ಉಳಿದವರು ಸೋಲುತ್ತಿದ್ದರು, ಸೋತವರು ಸುಮ್ಮನಿರುತ್ತಿರಲಿಲ್ಲ.

ಬಾಗಿಲಿನ ಬೀಗದ ಕೈಯಂತೂ ಯಾವ ಪಂಗಡದ ಬಳಿಯೂ ಇಲ್ಲ. ಅದು ಇರುವುದು ಜೆರುಸಲೇಮಿನ ಎರಡು ಮುಸ್ಲಿಮ್ ಕುಟುಂಬಗಳ ಕೈಯಲ್ಲಿ. ಜೂದೆ ಮನೆತನದವರು ಕೀಲಿಯನ್ನು ಕಾಯುತ್ತಾರೆ, ನುಸೈಬಾ ಮನೆತನದವರು ಬಾಗಿಲು ತೆರೆಯುತ್ತಾರೆ. 1187ರಲ್ಲಿ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ ನಗರವನ್ನು ಗೆದ್ದಾಗ ಈ ಹೊಣೆ ತಮಗೆ ಬಂತೆಂದು ಜೂದೆಯವರು ಹೇಳಿದರೆ, ಖಲೀಫಾ ಉಮರ್(ರ)ರವರ ಕಾಲದಿಂದಲೇ ತಮಗಿದೆಯೆಂದು ನುಸೈಬಾದವರು ಹೇಳುತ್ತಾರೆ. ಬಾಗಿಲು ತೆರೆಯುವ ಕ್ರಮ ಸ್ವಾರಸ್ಯಕರವಾಗಿದೆ. ನಸುಕಿನಲ್ಲಿ ಒಳಗಿನ ಸನ್ಯಾಸಿ ಬಾಗಿಲ ಕಿಂಡಿಯಿಂದ ಸಣ್ಣ ಏಣಿಯೊಂದನ್ನು ಹೊರಕ್ಕೆ ದಾಟಿಸುತ್ತಾನೆ. ಹೊರಗಿರುವ ಮುಸ್ಲಿಮ್ ಅದನ್ನು ಹತ್ತಿ ಮೇಲಿನ ಬೀಗ ತೆಗೆಯುತ್ತಾನೆ. ಒಳಗಿನವನೂ ಹೊರಗಿನವನೂ ಸೇರದೆ ಬಾಗಿಲು ತೆರೆಯದು.

ಉಮರ್(ರ)ರವರು ಚರ್ಚಿನೊಳಗೆ ನಮಾಝ್ ಮಾಡಲು ಒಪ್ಪದೆ ಹೊರಗೆ ಮೆಟ್ಟಿಲ ಬಳಿ ಮಾಡಿದ ಪ್ರಸಂಗ ಓದುಗರಿಗೆ ಗೊತ್ತಿರಬಹುದು. ತಾವು ನಮಾಝ್ ಮಾಡಿದ ಜಾಗವೆಂದು ಮುಂದಿನವರು ಅದನ್ನು ಕಿತ್ತುಕೊಂಡಾರೆಂಬ ಎಚ್ಚರ ಅವರದ್ದು. ಈ ಪ್ರಸಂಗವನ್ನು ಹತ್ತನೇ ಶತಮಾನದಲ್ಲಿ ಬರೆದಿಟ್ಟವನು ಒಬ್ಬ ಕ್ರೈಸ್ತ ಧರ್ಮಾಧ್ಯಕ್ಷ, ಅಲೆಕ್ಸಾಂಡ್ರಿಯಾದ ಯೂಟಿಕಿಯಸ್. ಹಾಗೆಯೇ 1009ರಲ್ಲಿ ಫಾತಿಮೀ ದೊರೆ ಅಲ್-ಹಾಕಿಮ್ ಈ ಚರ್ಚನ್ನು ಕೆಡವಿಸಿದ್ದನ್ನೂ ನಾವು ಮರೆಮಾಚಬಾರದು. ಇತಿಹಾಸದಿಂದ ನಮಗೆ ಹಿತವಾದದ್ದನ್ನಷ್ಟೇ ಆರಿಸಿಕೊಳ್ಳುವಂತಿಲ್ಲ.

ಯಥಾಸ್ಥಿತಿಯಿಂದ ಜಗಳ ನಿಂತಿತೇ? ಇಲ್ಲ. 2002ರಲ್ಲಿ ಚರ್ಚಿನ ಮಾಳಿಗೆಯ ಮೇಲೆ ಕಾಪ್ಟಿಕ್ ಸನ್ಯಾಸಿಯೊಬ್ಬ ಬಿಸಿಲು ತಾಳಲಾರದೆ ಕುರ್ಚಿಯನ್ನು ನೆರಳಿಗೆ ಸರಿಸಿದ. ಇಥಿಯೋಪಿಯನ್ನರಿಗೆ ಅದು ಜಾಗದ ಅತಿಕ್ರಮಣವಾಗಿ ಕಂಡಿತು. ಹೊಡೆದಾಟದಲ್ಲಿ 11 ಮಂದಿ ಗಾಯಗೊಂಡರು. 2008ರ ನವೆಂಬರ್‌ನಲ್ಲಿ ಮೆರವಣಿಗೆಯೊಂದರ ವೇಳೆ ಅರ್ಮೇನಿಯನ್ ಮತ್ತು ಗ್ರೀಕ್ ಸನ್ಯಾಸಿಗಳು ಸಮಾಧಿಯ ಪಕ್ಕದಲ್ಲೇ ಗುದ್ದಾಡಿಕೊಂಡರು. ಪೊಲೀಸರು ಒಳನುಗ್ಗಬೇಕಾಯಿತು.

ಇದಕ್ಕಿಂತ ದೊಡ್ಡ ಅಪಾಯ ಕಟ್ಟಡಕ್ಕಿತ್ತು. ಮಾಡನ್ನೋ ನೆಲವನ್ನೋ ಯಾರು ರಿಪೇರಿ ಮಾಡುತ್ತಾರೋ ಅದು ಅವರದ್ದು ಎಂಬ ಹಳೆಯ ರೂಢಿಯಿದೆ. ಹೀಗಾಗಿ ಒಬ್ಬರು ರಿಪೇರಿಗೆ ಹೊರಟರೆ ಇನ್ನೊಬ್ಬರು ತಡೆಯುತ್ತಿದ್ದರು. 1927ರ ಭೂಕಂಪದಲ್ಲಿ ಚರ್ಚಿಗೆ ಪೆಟ್ಟಾಯಿತು. ಸಮಾಧಿಯ ಮೇಲಿನ ಮಂಟಪ ಕುಸಿಯದಂತೆ 1947ರಲ್ಲಿ ಬ್ರಿಟಿಷರು ಉಕ್ಕಿನ ತೊಲೆಗಳನ್ನು ಕಟ್ಟಿದರು. ತಾತ್ಕಾಲಿಕವೆಂದು ಕಟ್ಟಿದ ಆ ತೊಲೆಗಳು ಸುಮಾರು 70 ವರ್ಷ ಅಲ್ಲೇ ಉಳಿದವು. ಶಾಂತಿ ಕಾಯುವ ನಿಯಮವೇ ಸಮಾಧಿ ಮಂಟಪವನ್ನು ಬೀಳಿಸುವ ಹಂತಕ್ಕೆ ತಂದಿತ್ತು.

2015ರ ಫೆಬ್ರವರಿಯಲ್ಲಿ ಮಂಟಪ ಅಪಾಯಕಾರಿಯೆಂದು ಇಸ್ರೇಲಿ ಪೊಲೀಸರು ಅದನ್ನು ಕೆಲವು ತಾಸು ಮುಚ್ಚಿದರು. ತಾವು ಒಂದಾಗದಿದ್ದರೆ ಹೊರಗಿನವರು ಕೈಹಾಕುತ್ತಾರೆಂದು ಮೂರೂ ಪಂಗಡಗಳಿಗೆ ಅರಿವಾಯಿತು. 2016ರ ಮಾರ್ಚ್‌ನಲ್ಲಿ ಗ್ರೀಕ್, ಅರ್ಮೇನಿಯನ್ ಮತ್ತು ಕ್ಯಾಥೊಲಿಕ್ ಮುಖ್ಯಸ್ಥರು ಒಪ್ಪಂದಕ್ಕೆ ಬಂದರು. ಅಥೆನ್ಸ್‌ನ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಕೆಲಸ ಕೈಗೆತ್ತಿಕೊಂಡಿತು. ಜೋರ್ಡಾನಿನ ದೊರೆ ಅಬ್ದುಲ್ಲಾ ಕೂಡ ಹಣ ಕೊಟ್ಟರು. ಅಕ್ಟೋಬರ್‌ನಲ್ಲಿ ಸಮಾಧಿಯ ಅಮೃತಶಿಲೆಯ ಹಾಸುಗಲ್ಲನ್ನು ಸರಿಸಿದಾಗ ಮೂರೂ ಪಂಗಡದವರು ಜೊತೆಗಿದ್ದರು. 2017ರ ಮಾರ್ಚ್ 22ರಂದು ತೊಲೆಗಳಿಲ್ಲದ ಮಂಟಪ ಭಕ್ತರಿಗೆ ತೆರೆಯಿತು.

ಸಿದ್ಧಾಂತದ ಭಿನ್ನಮತ ಒಂದೂ ಬಗೆಹರಿದಿರಲಿಲ್ಲ. ಯಾರೂ ತಮ್ಮ ಹಕ್ಕನ್ನು ಬಿಟ್ಟುಕೊಟ್ಟೂ ಇರಲಿಲ್ಲ. ಆದರೂ ಮರುವರ್ಷ, 2018ರ ಫೆಬ್ರವರಿಯಲ್ಲಿ, ನಗರಸಭೆ ಚರ್ಚಿನ ಆಸ್ತಿಗಳಿಗೆ ತೆರಿಗೆ ವಿಧಿಸಲು ಹೊರಟಾಗ ಇದೇ ಮೂವರು ಒಟ್ಟಾಗಿ ಬಾಗಿಲು ಮುಚ್ಚಿ ಪ್ರತಿಭಟಿಸಿದರು. ಮೂರನೆಯ ದಿನ ಸರಕಾರ ಹಿಂದೆ ಸರಿಯಿತು. 2022ರ ಮಾರ್ಚ್‌ನಲ್ಲಿ ಚರ್ಚಿನ ನೆಲಗಲ್ಲುಗಳನ್ನು ಎಬ್ಬಿಸಿ ಸರಿಪಡಿಸುವ ಕೆಲಸವನ್ನೂ ಇವರು ಕೂಡಿಯೇ ಆರಂಭಿಸಿದರು. ಯಾರು ಗುಡಿಸುತ್ತಾರೋ ಅವರದ್ದೇ ಎಂದು ಬಡಿದಾಡಿದ್ದ ನೆಲವದು.