ಬರ್ಲಿನ್‌ನಲ್ಲಿ ನೆನಪಾದ ಬೀದರ್

ಆನ್‌ಸೈಟ್ ಕೆಲಸಕ್ಕೆಂದು ಜರ್ಮನಿಗೆ ಹೋಗಿದ್ದ ವರ್ಷ, ಕ್ರಿಸ್‌ಮಸ್ ರಜೆಗೆ ಆಫೀಸು ಬಾಗಿಲು ಹಾಕಿತು. ರೂಮಲ್ಲಿ ಒಬ್ಬನೇ ಕೂತು ಏನ್ ಮಾಡೋದು ಅಂತ ಮೂರು ದಿನದ ಮಟ್ಟಿಗೆ ಬರ್ಲಿನ್ ನೋಡಲು ಹೊರಟೆ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಎರಡು ಸ್ವೆಟರ್, ಅದರ ಮೇಲೊಂದು ಜಾಕೆಟ್ ಹಾಕಿದ್ರೂ ಚಳಿ ಎಲುಬಿಗೆ ಇಳೀತಿತ್ತು.

ಅಲ್ಲಿ ನಾನು ಬಹಳ ಹೊತ್ತು ನಿಂತು ನೋಡಿದ್ದು ಒಂದು ಮುರಿದ ಕಟ್ಟಡವನ್ನು. ಕೈಸರ್ ವಿಲ್ಹೆಲ್ಮ್ ಚರ್ಚು. ಮೊಮ್ಮಗ ದೊರೆ ತನ್ನ ಮುತ್ಯಾನ ನೆನಪಿಗೆ ಕಟ್ಟಿಸಿದ್ದು, 1895ರಲ್ಲಿ ಶುರುವಾಗಿದ್ದು. 113 ಮೀಟರ್ ಎತ್ತರದ ಗೋಪುರವಿತ್ತಂತೆ. 1943ರ ನವೆಂಬರ್‌ನಲ್ಲಿ ಬಾಂಬು ಬಿದ್ದು ತುದಿ ಹಾರಿಹೋಯಿತು. ಯುದ್ಧ ಮುಗಿದ ಮೇಲೆ ಅದನ್ನು ಪೂರ್ತಿ ಕೆಡವಿ ಹೊಸದು ಕಟ್ಟುವ ಯೋಜನೆಯಾದಾಗ ಊರಿನ ಜನ ಬಿಡಲಿಲ್ಲ. ಮುರಿದ ಗೋಪುರ ಹಾಗೇ ಉಳಿಯಿತು. ಪಕ್ಕದಲ್ಲಿ ಹೊಸ ಚರ್ಚು 1961ರಲ್ಲಿ ಎದ್ದಿತು. ಹೊಸದರ ಒಳಗೆ ಹೋದರೆ ನಾಲ್ಕೂ ಕಡೆ ನೀಲಿ ಗಾಜು. ಸಾವಿರಾರು ಸಣ್ಣ ಸಣ್ಣ ನೀಲಿ ಚೂರುಗಳು.

ಆ ನೀಲಿ ನೋಡಿ ನನಗೆ ನಮ್ಮ ಬೀದರಿನ ಗವಾನ್ ಮದರಸಾ ನೆನಪಾಯಿತು. ಸುಮ್ಮನೆ ನೆನಪಾಗಿದ್ದಲ್ಲ, ಮನಸ್ಸಿಗೆ ಚುಚ್ಚಿತು. ಯಾಕಂತ ಹೇಳ್ತೀನಿ.

ನಮ್ಮೂರು ಖಟಕ ಚಿಂಚೋಳಿ. ನಾನು ಐದನೇತ್ತಾ ಇದ್ದಾಗ ಮುತ್ಯಾ ಹೊಲದ ಕಾಗದದ ಕೆಲಸಕ್ಕೆ ಬೀದರಿಗೆ ಹೋಗುವಾಗ ನನ್ನೂ ಕರ್ಕೊಂಡು ಹೋಗ್ತಿದ್ದ. ಕೆಲಸ ಆಗ್ತಿರಲಿಲ್ಲ, "ಮುಂದಿನ ವಾರ ಬರ್ರಿ" ಅನ್ನೋರು. ಬುತ್ತಿ ಬಿಚ್ಚೋಕೆ ನಾವು ಮದರಸಾದ ನೆರಳಿಗೆ ಹೋಗ್ತಿದ್ದೆವು. ರೊಟ್ಟಿ ತಿಂದು ಮುತ್ಯಾ ಗೋಡೆಗೆ ಒರಗಿ ಕಣ್ಣು ಮುಚ್ಚಿದಾಗ, ಸಡಿಲಾಗಿದ್ದ ಒಂದು ನೀಲಿ ಹೆಂಚಿನ ಚೂರನ್ನು ನಾನು ಉಗುರಿನಿಂದ ಎಬ್ಬಿಸಿ ಕಿಸೆಗೆ ಹಾಕಿಕೊಂಡೆ. ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟು ಗೆಳೆಯರಿಗೆಲ್ಲ ತೋರಿಸಿದೆ. ಅದು ಯಾರು ಕಟ್ಟಿಸಿದ್ದು, ಯಾಕೆ ಅರ್ಧ ಮುರಿದಿದೆ, ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಬರ್ಲಿನ್‌ನಿಂದ ಬಂದ ಮೇಲೆ ಓದಿಕೊಂಡೆ.

ಕಟ್ಟಿಸಿದವನು ಮಹಮೂದ್ ಗವಾನ್. ಇರಾನಿನ ಗೀಲಾನ್ ಕಡೆಯಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಮುಖ್ಯಮಂತ್ರಿಯಾದವನು. 1472ರಲ್ಲಿ ಈ ಮದರಸಾ ಕಟ್ಟಿಸಿದ. ಮೂರು ಅಂತಸ್ತು, ಪಾಠದ ಹಾಲುಗಳು, ಹುಡುಗರಿಗೆ ಕೋಣೆಗಳು, ಮಸೀದಿ, ಗ್ರಂಥಾಲಯ. ಮುಂದೆ ಎರಡು ಮಿನಾರು, ಮೈತುಂಬ ನೀಲಿ, ಹಸಿರು, ಹಳದಿ, ಬಿಳಿ ಹೆಂಚು.

ಗವಾನನ ಕಾಲದಲ್ಲೇ ರಷ್ಯದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರಿಗೆ ಬಂದಿದ್ದ. ತಂದಿದ್ದ ಒಂದು ಕುದುರೆಯನ್ನು ಕ್ರಿಸ್‌ಮಸ್ ಹೊತ್ತಿಗೆ ಬೀದರಿನಲ್ಲೇ ಮಾರಿದ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ಬರೆದಿಡುವ ಕಾರಕೂನರು, ಕೆತ್ತನೆ, ಚಿನ್ನದ ಬಣ್ಣ, ಎಲ್ಲ ಬರೆದಿಟ್ಟ. ಜೊತೆಗೇ ಹಳ್ಳಿ ಜನ ತೀರಾ ಬಡವರು, ಅಮೀರರು ಭಾರಿ ಶ್ರೀಮಂತರು ಅಂತಲೂ ಬರೆದ. ಅಂದರೆ ಚಳಿಗಾಲದಲ್ಲಿ ನಾನು ಯುರೋಪಿನ ಊರು ನೋಡಲು ಹೋದಂಗೆ, ಐನೂರು ವರ್ಷಕ್ಕೂ ಹಿಂದೆ ಯುರೋಪಿನವನೊಬ್ಬ ನಮ್ಮೂರು ನೋಡಿ ಬೆರಗಾಗಿದ್ದ.

ಗವಾನನ ಕೊನೆ ಚೆನ್ನಾಗಿರಲಿಲ್ಲ. ಆಗದವರು ಅವನ ಮುದ್ರೆ ಒತ್ತಿಸಿ ಸುಳ್ಳು ಪತ್ರ ಸೃಷ್ಟಿಸಿದರು. ನಮ್ಮ ಭಾಷೇಲಿ ಹೇಳೋದಾದ್ರೆ ಪಾಸ್‌ವರ್ಡ್ ಕದ್ದು ಮೇಲ್ ಕಳಿಸಿದಂಗೆ. ಸುಲ್ತಾನ ವಿಚಾರಿಸದೆ 1481ರಲ್ಲಿ ಆ ಮುದುಕನ ತಲೆ ತೆಗೆಸಿದ. ಮುಂದೆ ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು.

ಕಟ್ಟಡ ಮಾತ್ರ ಪಾಠ ಹೇಳುತ್ತ ಉಳಿಯಿತು. 1657ರಲ್ಲಿ ಔರಂಗಜೇಬ ಬೀದರ್ ಗೆದ್ದ ಮೇಲೆ ಅದು ದಂಡಿನ ಬಿಡಾರವಾಯಿತು, ಮದ್ದು ತುಂಬುವ ಜಾಗವಾಯಿತು. ಶತಮಾನದ ಕೊನೆಗೆ ಆ ಮದ್ದು ಸಿಡಿಯಿತು. ಸಿಡಿಲು ಬಡಿದು ಅಂತ ನಮ್ಮ ಕಡೆ ಹೇಳ್ತಾರೆ. ಒಂದು ಮಿನಾರು, ಮುಂಭಾಗದ ಅರ್ಧ ಹೋಯಿತು. ವಿಚಿತ್ರ ಅಂದರೆ, ಬೆಳಗಾವಿ ಕೋಟೆ ಮುತ್ತಿದಾಗ ಸುರಂಗದಲ್ಲಿ ಮದ್ದಿಟ್ಟು ಗೋಡೆ ಉರುಳಿಸಿದವನು ಇದೇ ಗವಾನ್. ತನ್ನ ಪಾಠಶಾಲೆಗೂ ಅದೇ ಮದ್ದು ಮುಳುವಾದೀತು ಅಂತ ಅವನಿಗೆಲ್ಲಿ ಗೊತ್ತಿತ್ತು?

ಬರ್ಲಿನ್ನಿನವರು ಮುರಿದದ್ದನ್ನು ಉಳಿಸಿಕೊಂಡರು, ಮುರಿದದ್ದು ಹೇಗೆ ಅಂತ ಮಕ್ಕಳಿಗೆ ಹೇಳುತ್ತಾರೆ. ನಮ್ಮಲ್ಲೂ ಮುರಿದದ್ದು ಉಳಿದಿದೆ, ಹೇಳುವವರು ಕಡಿಮೆ. ಹೇಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ನಾನೇ ಸಾಕ್ಷಿ. ಮದ್ದು ಕೆಡವಿದ್ದು ದೊಡ್ಡದು, ನಿಜ. ಆದರೆ ಉಳಿದ ನೀಲಿಯಲ್ಲಿ ನನ್ನ ಉಗುರಿನಷ್ಟು ನಾನೂ ಕಮ್ಮಿ ಮಾಡಿದ್ದೇನೆ.

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಅಕ್ಕನ ಮಗನನ್ನು ಮದರಸಾಕ್ಕೆ ಕರ್ಕೊಂಡು ಹೋದೆ. ಅವನ ಕೈ ನೆಟ್ಟಗೆ ನೀಲಿ ಹೆಂಚಿನ ಕಡೆಗೇ ಹೋಯಿತು. "ಮುಟ್ಟಬ್ಯಾಡೋ" ಅಂದೆ. ಅಲ್ಲೇ ಕೂತು ಗವಾನನ ಕತೆ ಹೇಳಿದೆ, ನಿಕಿತಿನ್‌ನ ಕುದುರೆ ಹೇಳಿದೆ, ನನ್ನ ಕಂಪಾಸ್ ಪೆಟ್ಟಿಗೆಯನ್ನೂ ಬಿಡಲಿಲ್ಲ.

"ಮಾಮಾ, ಆ ಚೂರು ಈಗ ಎಲ್ಲದ?" ಅಂದ. "ತಂದು ಇಲ್ಲೇ ಕೊಡಮು."

ಹಳೇ ಮನೆ ಕೆಡವಿ ಸ್ಲ್ಯಾಬ್ ಹಾಕಿಸುವಾಗ ಆ ಪೆಟ್ಟಿಗೆ ಮಣ್ಣಿನ ಜೊತೆ ಎಲ್ಲೋ ಹೋಗಿತ್ತು. ಅವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ.