ಹೊರರಾಜ್ಯದಿಂದ ಚಿತ್ರದುರ್ಗಕ್ಕೆ ಬಂದವರು ಮಕ್ಕಳಿಗೆ ಸರಕಾರಿ ಶಾಲೆ ಆರಿಸುವುದು ಹೇಗೆ?

ಉದ್ಯೋಗ ನಿಮಿತ್ತ ಊರು ಬಿಡುವುದು ಕರಾವಳಿಯವರಿಗೆ ಹೊಸತಲ್ಲ. ಮುಂಬಯಿ, ಗೋವಾ, ಕೊಲ್ಲಿ ದೇಶಗಳ ದಾರಿ ನಮಗೆಲ್ಲ ಗೊತ್ತು. ಇತ್ತೀಚಿನ ವರ್ಷಗಳಲ್ಲಿ ಬ್ಯಾಂಕ್, ಹೆದ್ದಾರಿ, ಗಾಳಿಯಂತ್ರ, ಗಣಿ, ಆಸ್ಪತ್ರೆ, ಶಾಲೆ ಮುಂತಾದ ಕೆಲಸಗಳಿಗಾಗಿ ಬಯಲುಸೀಮೆಯ ಕಡೆಗೆ ಹೋಗುವ ಕುಟುಂಬಗಳೂ ಇವೆ. ಕಾಸರಗೋಡಿನಿಂದಲೋ ಗೋವಾದಿಂದಲೋ ಮುಂಬಯಿಯಿಂದಲೋ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗೆ ಬಂದಿಳಿದ ಪಾಲಕರ ಮೊದಲ ಪ್ರಶ್ನೆ ಬಾಡಿಗೆ ಮನೆಯದ್ದು, ಎರಡನೆಯದು ಮಕ್ಕಳ ಶಾಲೆಯದ್ದು. ಮನೆ ಸರಿಯಿಲ್ಲದಿದ್ದರೆ ಮೂರು ತಿಂಗಳಲ್ಲಿ ಬದಲಾಯಿಸಬಹುದು. ಶಾಲೆಯ ಆಯ್ಕೆ ತಪ್ಪಿದರೆ ಮಗುವಿನ ಒಂದು ವರ್ಷ ಹೋಗುತ್ತದೆ. ಅಂಥ ಪಾಲಕರಿಗೂ, ಅವರಿಗೆ ನೆರವಾಗುವ ಚರ್ಚ್ ಕಾರ್ಯಕರ್ತರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಒಟ್ಟುಗೂಡಿಸಲಾಗಿದೆ.

ಮೊದಲು ಹೆಸರಿನ ಗೊಂದಲ

ಕರಾವಳಿಯಲ್ಲಿ 'ಹೊಸದುರ್ಗ' ಎಂದರೆ ಹಲವರಿಗೆ ಕಾಸರಗೋಡು ಜಿಲ್ಲೆಯ ಕಾಞಂಗಾಡ್ ಬಳಿಯ ಹೊಸದುರ್ಗ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ. ಆನ್‌ಲೈನಿನಲ್ಲಿ ಶಾಲೆ ಹುಡುಕುವಾಗ, ಅರ್ಜಿ ಕಳುಹಿಸುವಾಗ ಜಿಲ್ಲೆಯ ಹೆಸರನ್ನೂ ಸೇರಿಸಿ ಬರೆಯಿರಿ.

ಚಿತ್ರದುರ್ಗ ಜಿಲ್ಲೆಯಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು ಎಂಬ 6 ತಾಲ್ಲೂಕುಗಳಿವೆ. ಧಾರ್ಮಿಕ ಆಡಳಿತದಲ್ಲಿ ಜಿಲ್ಲೆಯು 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ. ಶಿಕ್ಷಣ ಇಲಾಖೆಯಲ್ಲಿ ಜಿಲ್ಲೆಗೆ ಉಪನಿರ್ದೇಶಕರು (ಡಿಡಿಪಿಐ), ಪ್ರತಿ ತಾಲ್ಲೂಕಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಕೆಲವು ಶಾಲೆಗಳ ಗುಂಪಿಗೆ ಒಬ್ಬ ಸಮೂಹ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಇರುತ್ತಾರೆ. ತಮ್ಮ ವ್ಯಾಪ್ತಿಯ ಪ್ರತಿ ಶಾಲೆಯ ಒಳಹೊರಗು ತಿಳಿದವರು ಸಿಆರ್‌ಪಿ. ಹೊಸಬರು ಮೊದಲು ಭೇಟಿಯಾಗಬೇಕಾದವರು ಅವರೇ.

ಫಲಿತಾಂಶದ ಸ್ಥಾನವನ್ನು ಮಾತ್ರ ನಂಬಬೇಡಿ

2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಸಾಕ್ಷರತೆ ಶೇ. 73.71. ದಕ್ಷಿಣ ಕನ್ನಡದ್ದು ಶೇ. 88.57, ಉಡುಪಿಯದ್ದು ಶೇ. 86.24. ಇದನ್ನು ನೋಡಿ 'ಅಲ್ಲಿ ಶಾಲೆಗಳು ಚೆನ್ನಾಗಿಲ್ಲ' ಎಂದು ತೀರ್ಮಾನಿಸುವವರು ಇದ್ದಾರೆ. ಆದರೆ 2023ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಇದೇ ಚಿತ್ರದುರ್ಗ ಜಿಲ್ಲೆ ಶೇ. 96.80 ಫಲಿತಾಂಶದೊಂದಿಗೆ ರಾಜ್ಯಕ್ಕೇ ಪ್ರಥಮ ಬಂದಿತು. ನಮ್ಮ ಎರಡು ಕರಾವಳಿ ಜಿಲ್ಲೆಗಳು ಆ ವರ್ಷ ಮೊದಲ ಹತ್ತರೊಳಗೆ ಇರಲಿಲ್ಲ.

ಮರುವರ್ಷ, 2024ರಲ್ಲಿ, ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ವ್ಯವಸ್ಥೆ ತಂದಾಗ ರಾಜ್ಯದ ಒಟ್ಟು ಫಲಿತಾಂಶ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಉಡುಪಿ ಶೇ. 94ರೊಂದಿಗೆ ಪ್ರಥಮ, ದಕ್ಷಿಣ ಕನ್ನಡ ದ್ವಿತೀಯ ಸ್ಥಾನ ಪಡೆದವು. ಚಿತ್ರದುರ್ಗ ಮೊದಲ ಹತ್ತರಿಂದ ಹೊರಗೆ ಹೋಯಿತು. ಒಂದು ವರ್ಷದಲ್ಲಿ ಶಿಕ್ಷಕರೂ ಬದಲಾಗಲಿಲ್ಲ, ಮಕ್ಕಳ ಬುದ್ಧಿಯೂ ಬದಲಾಗಲಿಲ್ಲ. ಅಳೆಯುವ ರೀತಿ ಬದಲಾಯಿತು.

ಆದ್ದರಿಂದ ಜಿಲ್ಲೆಯ ಸ್ಥಾನ ನೋಡಿ ಹೆದರುವುದೂ ಬೇಡ, ಹಿಗ್ಗುವುದೂ ಬೇಡ. ನೀವು ಸೇರಿಸಬೇಕೆಂದಿರುವ ಶಾಲೆಯ ಕಳೆದ 4-5 ವರ್ಷಗಳ ಫಲಿತಾಂಶವನ್ನು ಕೇಳಿ. ಎಷ್ಟು ಮಕ್ಕಳು ಪರೀಕ್ಷೆಗೆ ಕುಳಿತರು, 8ನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ 10ನೇ ತರಗತಿಯವರೆಗೆ ಉಳಿದರು ಎಂಬುದನ್ನೂ ಕೇಳಿ. ಹತ್ತು ಮಕ್ಕಳಲ್ಲಿ ಹತ್ತೂ ಮಂದಿ ಪಾಸಾದ ಶಾಲೆಯನ್ನು, ಎಂಬತ್ತು ಮಕ್ಕಳಲ್ಲಿ ಎಪ್ಪತ್ತು ಮಂದಿ ಪಾಸಾದ ಶಾಲೆಯೊಂದಿಗೆ ಶೇಕಡಾವಾರು ಲೆಕ್ಕದಲ್ಲಿ ಮಾತ್ರ ಹೋಲಿಸುವುದು ಸರಿಯಲ್ಲ.

ಯಾವ ಯಾವ ಶಾಲೆಗಳಿವೆ?

ಸಾಮಾನ್ಯ ಸರಕಾರಿ ಶಾಲೆಗಳು: ಕಿರಿಯ ಪ್ರಾಥಮಿಕ (1ರಿಂದ 5), ಹಿರಿಯ ಪ್ರಾಥಮಿಕ (7 ಅಥವಾ 8ನೇ ತರಗತಿವರೆಗೆ) ಮತ್ತು ಪ್ರೌಢಶಾಲೆ (8ರಿಂದ 10). ಕೇರಳದಲ್ಲಿ ಎಲ್.ಪಿ. ಶಾಲೆ 4ನೇ ತರಗತಿಗೆ ಮುಗಿಯುತ್ತದೆ, ಇಲ್ಲಿ 5ಕ್ಕೆ. ಮಗು ಒಂದೇ ಶಾಲೆಯಲ್ಲಿ ಎಷ್ಟು ವರ್ಷ ಇರಬಹುದೆಂದು ಮೊದಲೇ ನೋಡಿಕೊಳ್ಳಿ.

ಕರ್ನಾಟಕ ಪಬ್ಲಿಕ್ ಶಾಲೆಗಳು: 2018-19ರಲ್ಲಿ ಆರಂಭವಾದವು. ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಕಲಿಯಬಹುದು. ಸಾಮಾನ್ಯವಾಗಿ ಕನ್ನಡದೊಂದಿಗೆ ಆಂಗ್ಲ ಮಾಧ್ಯಮ ವಿಭಾಗವೂ ಇರುತ್ತದೆ.

ಅನುದಾನಿತ ಶಾಲೆಗಳು: ಸಂಸ್ಥೆಗಳು ನಡೆಸುವ, ಶಿಕ್ಷಕರ ವೇತನವನ್ನು ಸರಕಾರ ಕೊಡುವ ಶಾಲೆಗಳು. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಜಗದ್ಗುರು ವಿದ್ಯಾಸಂಸ್ಥೆ ಈ ಭಾಗದ ಹಳ್ಳಿಗಳಲ್ಲಿ ಅನೇಕ ಪ್ರೌಢಶಾಲೆಗಳನ್ನು ನಡೆಸುತ್ತಿದೆ. ರಂಗಭೂಮಿಗೆ ಹೆಸರಾದ ಸಾಣೇಹಳ್ಳಿ ಇರುವುದು ಹೊಸದುರ್ಗ ತಾಲ್ಲೂಕಿನಲ್ಲಿ.

ವಸತಿ ಶಾಲೆಗಳು: ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ 6ನೇ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆ ನಡೆಯುತ್ತದೆ. ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿದೆ. ನವೋದಯಕ್ಕೆ ಅರ್ಜಿ ಹಾಕುವ ಮಗು ಅದೇ ಜಿಲ್ಲೆಯ ನಿವಾಸಿಯಾಗಿದ್ದು, 5ನೇ ತರಗತಿಯನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ನಿಮ್ಮ ಮಗು 4ನೇ ತರಗತಿ ಮುಗಿಸುವ ಹಂತದಲ್ಲಿದ್ದರೆ ಸ್ಥಳಾಂತರದ ದಿನವನ್ನು ಇದನ್ನು ಗಮನಿಸಿ ನಿಶ್ಚಯಿಸಿ.

ಶಾಲೆಗೆ ಹೋಗಿ ಏನು ನೋಡಬೇಕು?

1. ಶಿಕ್ಷಕರ ಸಂಖ್ಯೆ. ಶಿಕ್ಷಣ ಹಕ್ಕು ಕಾಯ್ದೆ 2009ರಂತೆ 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ರವರೆಗೆ 3 ಶಿಕ್ಷಕರು ಇರಬೇಕು. 6ರಿಂದ 8ರಲ್ಲಿ 35 ಮಕ್ಕಳಿಗೆ ಒಬ್ಬರಂತೆ ಇರಬೇಕು. ವಿಜ್ಞಾನ-ಗಣಿತ, ಸಮಾಜ, ಭಾಷೆ ಇವುಗಳಿಗೆ ಕನಿಷ್ಠ ಒಬ್ಬೊಬ್ಬರು ಬೇಕು. ಇವರಲ್ಲಿ ಖಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಎಂದು ವಿಚಾರಿಸಿ. ಪ್ರೌಢಶಾಲೆಯಾದರೆ ಗಣಿತ, ವಿಜ್ಞಾನ, ಇಂಗ್ಲಿಷ್ ಹುದ್ದೆ ಖಾಲಿ ಇದೆಯೇ ಎಂದು ತಪ್ಪದೆ ಕೇಳಿ.

2. ಓದು ಮತ್ತು ಲೆಕ್ಕ. 2005ರಿಂದ ನಡೆದುಬಂದಿರುವ 'ಅಸರ್' ಗ್ರಾಮೀಣ ಸಮೀಕ್ಷೆಯಲ್ಲಿ ಮಗು 2ನೇ ತರಗತಿ ಮಟ್ಟದ ಪಠ್ಯ ಓದಬಲ್ಲದೇ, ಕಳೆಯುವ ಮತ್ತು ಭಾಗಿಸುವ ಲೆಕ್ಕ ಮಾಡಬಲ್ಲದೇ ಎಂದು ನೋಡುತ್ತಾರೆ. ನೀವೂ ಇದನ್ನು ಮಾಡಬಹುದು. ಆ ಶಾಲೆಯ 5ನೇ ತರಗತಿಯಲ್ಲಿ ಓದುವ ನೆರೆಮನೆಯ ಮಗುವಿಗೆ ಒಂದು ಕಥೆ ಪುಸ್ತಕ ಕೊಟ್ಟು, ಓದಿ ಹೇಳು ಮಗಾ ಎಂದು ಪ್ರೀತಿಯಿಂದ ಕೇಳಿ. ಬಣ್ಣ ಬಳಿದ ಗೋಡೆಗಿಂತ ಹೆಚ್ಚಿನ ಉತ್ತರ ಸಿಗುತ್ತದೆ.

3. ನಲಿ-ಕಲಿ ಕಂಡು ಗಾಬರಿಯಾಗಬೇಡಿ. ಸರಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕುಳಿತು ಕಾರ್ಡುಗಳ ಮೂಲಕ ಕಲಿಯುವುದನ್ನು ಕಾಣುತ್ತೀರಿ. ಇದು ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ರಾಜ್ಯಕ್ಕೆ ಹರಡಿದ ಪದ್ಧತಿ. ಶಿಕ್ಷಕರ ಕೊರತೆಯಿಂದ ಮಕ್ಕಳನ್ನು ಒಟ್ಟಿಗೆ ಕೂರಿಸಿದ್ದಾರೆ ಎಂದು ಭಾವಿಸಬೇಕಿಲ್ಲ. ಆದರೆ 4, 5ನೇ ತರಗತಿಗಳೂ ಒಂದೇ ಕೋಣೆಯಲ್ಲಿದ್ದರೆ ಕಾರಣ ಕೇಳಿ.

4. ಶೌಚಾಲಯ, ನೀರು, ಊಟ. ಶೌಚಾಲಯವಿದೆಯೇ ಎಂಬುದಷ್ಟೇ ಸಾಲದು, ಅದರಲ್ಲಿ ನೀರು ಬರುತ್ತದೆಯೇ ಎಂದು ನೋಡಿ. ಇದು ಮಳೆ ಕಡಿಮೆಯಾದ ಸೀಮೆ. ಬೇಸಿಗೆಯಲ್ಲಿ ನೀರಿನ ವ್ಯವಸ್ಥೆ ಹೇಗೆ ಎಂದು ಕೇಳಿ. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಒಮ್ಮೆ ಹೋಗಿ ಬನ್ನಿ. ಶಾಲೆಯ ಶಿಸ್ತು ಅಲ್ಲಿ ಗೊತ್ತಾಗುತ್ತದೆ.

5. ಎಸ್‌ಡಿಎಂಸಿ. 2001ರಿಂದ ಪ್ರತಿ ಸರಕಾರಿ ಶಾಲೆಗೂ ಪಾಲಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಕೊನೆಯ ಸಭೆ ಯಾವಾಗ ನಡೆಯಿತು ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ನಡವಳಿ ಪುಸ್ತಕ ತೋರಿಸುವ ಶಾಲೆಯಲ್ಲಿ ಊರಿನವರ ಗಮನ ಇದೆ ಎಂದರ್ಥ.

ಪ್ರತಿ ಶಾಲೆಗೂ 11 ಅಂಕಿಗಳ ಯುಡೈಸ್ ಸಂಖ್ಯೆ ಇರುತ್ತದೆ. ಕರ್ನಾಟಕದ ಶಾಲೆಗಳದ್ದು 29ರಿಂದ ಆರಂಭವಾಗುತ್ತದೆ. ಯುಡೈಸ್ ಪ್ಲಸ್ ತಾಣದಲ್ಲಿ ಶಾಲೆಯ ಶಿಕ್ಷಕರು, ಕೊಠಡಿಗಳು, ಸೌಲಭ್ಯಗಳ ವಿವರ ನೋಡಬಹುದು. ಆದರೆ ಅದು ಶಾಲೆಯವರೇ ತುಂಬಿಸಿದ ಮಾಹಿತಿ. ಅದನ್ನು ಹಿಡಿದುಕೊಂಡು ಹೋಗಿ ಕಣ್ಣಾರೆ ತಾಳೆ ನೋಡಿ.

ಕನ್ನಡದ ಪ್ರಶ್ನೆ

ಹೊರರಾಜ್ಯದಿಂದ ಬಂದ ಮಕ್ಕಳಿಗೆ ದೊಡ್ಡ ತೊಡಕು ಭಾಷೆ. ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರಂತೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಮುಂಬಯಿ, ಗೋವಾದಲ್ಲಿ ಬೆಳೆದ ಕೊಂಕಣಿ ಮಕ್ಕಳು ಮನೆಯಲ್ಲಿ ಕನ್ನಡ ಕೇಳಿದ್ದರೂ ಬರೆಯಲು ಕಲಿತಿರುವುದಿಲ್ಲ. 1ರಿಂದ 4ನೇ ತರಗತಿಯ ಮಗು ಬೇಗ ಕಲಿಯುತ್ತದೆ. 8, 9ನೇ ತರಗತಿಗೆ ಬಂದ ಮಗುವಿಗೆ ಇದು ನಿಜವಾದ ಹೊರೆ. ಅಂಥವರು ಆಂಗ್ಲ ಮಾಧ್ಯಮ ವಿಭಾಗವಿರುವ, ಇಂಗ್ಲಿಷ್ ಪ್ರಥಮ ಭಾಷೆ ಹಾಗೂ ಕನ್ನಡ ದ್ವಿತೀಯ ಭಾಷೆಯಾಗಿರುವ ಶಾಲೆಯನ್ನು ಹುಡುಕಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕಗಳು ಎಂಬುದು ನೆನಪಿರಲಿ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಸ್ಥಿತಿ ಬೇರೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದರೂ ಅಲ್ಲಿ ಕನ್ನಡ ಶಾಲೆಗಳು ಉಳಿದಿವೆ. ಆ ಮಕ್ಕಳಿಗೆ ಭಾಷೆಯ ತೊಂದರೆಯಿಲ್ಲ. ಆದರೆ ಅವರು ಓದಿದ್ದು ಕೇರಳದ ಪಠ್ಯಕ್ರಮ. ಗಣಿತ, ಸಮಾಜ ವಿಜ್ಞಾನದಲ್ಲಿ ಯಾವ ಪಾಠಗಳು ಬಿಟ್ಟುಹೋಗಿವೆ ಎಂದು ಎರಡೂ ಕಡೆಯ ಪಠ್ಯಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರಜೆಯಲ್ಲೇ ಇದನ್ನು ಮಾಡಿದರೆ ಜೂನ್‌ನಲ್ಲಿ ಮಗು ಹಿಂದೆ ಬೀಳುವುದಿಲ್ಲ.

ದಾಖಲೆಗಳು ಮತ್ತು ಹಕ್ಕುಗಳು

ವರ್ಗಾವಣೆ ಪತ್ರ (ಟಿ.ಸಿ.) ಬರಲು ತಡವಾಯಿತೆಂದು 1ರಿಂದ 8ನೇ ತರಗತಿವರೆಗಿನ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಇದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೂ ಪ್ರವೇಶ ತಡೆಯುವಂತಿಲ್ಲ. ಶಾಲೆ ಬಿಟ್ಟಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಪ್ರವೇಶಕ್ಕೆ ಮಗುವಿನ ಅಥವಾ ಪಾಲಕರ ಸಂದರ್ಶನ ನಡೆಸುವಂತಿಲ್ಲ.

ಆದರೂ ಹಳೆಯ ಊರು ಬಿಡುವ ಮುನ್ನ ಟಿ.ಸಿ., ಅಂಕಪಟ್ಟಿ, ಜನನ ಪ್ರಮಾಣಪತ್ರ, ಆಧಾರ್ ಪ್ರತಿ ತೆಗೆದುಕೊಳ್ಳಿ. 9, 10ನೇ ತರಗತಿಯಾದರೆ ಟಿ.ಸಿ.ಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು. ಯುಡೈಸ್‌ನಲ್ಲಿ ಮಗುವಿಗೆ ಕೊಟ್ಟಿರುವ ಶಾಶ್ವತ ಸಂಖ್ಯೆಯನ್ನು (ಪೆನ್) ಬರೆದುಕೊಂಡು, ತಮ್ಮ ಪಟ್ಟಿಯಿಂದ ಮಗುವನ್ನು ಬಿಡುಗಡೆ ಮಾಡುವಂತೆ ಹಳೆಯ ಶಾಲೆಯನ್ನು ಕೋರಿ.

1ನೇ ತರಗತಿಗೆ ಕರ್ನಾಟಕದಲ್ಲಿ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವಿದೆ. 2025-26ನೇ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಡಲಾಗಿತ್ತು. ಕೇರಳದಲ್ಲಿ 5 ವರ್ಷಕ್ಕೇ 1ನೇ ತರಗತಿಗೆ ಸೇರಿದ್ದ ಮಗುವಿನ ಪಾಲಕರು ಈ ವ್ಯತ್ಯಾಸವನ್ನು ಬಿಇಒ ಕಚೇರಿಯಲ್ಲಿ ಮೊದಲೇ ತಿಳಿಸಿ ಲಿಖಿತವಾಗಿ ಸೂಚನೆ ಪಡೆಯಬೇಕು.

ಮರೆಯಬಾರದ ಏಳು ವರ್ಷ

ಹಲವರು ತಡವಾಗಿ ತಿಳಿಯುವ ಸಂಗತಿ ಒಂದಿದೆ. ಮುಂದೆ ಸಿಇಟಿ ಮೂಲಕ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಸರಕಾರಿ ಸೀಟು ಕೇಳುವಾಗ, ಸಾಮಾನ್ಯ ನಿಯಮದಂತೆ ವಿದ್ಯಾರ್ಥಿ 1ನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. 6ನೇ ತರಗತಿಗೆ ಬಂದ ಮಗುವಿಗೆ ಸರಿಯಾಗಿ 7 ವರ್ಷ ಆಗುತ್ತದೆ. 7ನೇ ತರಗತಿಗೆ ಬಂದರೆ ಒಂದು ವರ್ಷ ಕಡಿಮೆ. ಕೇಂದ್ರ ಸರಕಾರಿ ನೌಕರರು, ಸೈನಿಕರು, ಹೊರನಾಡ ಕನ್ನಡಿಗರು ಮುಂತಾದವರ ಮಕ್ಕಳಿಗೆ ಬೇರೆ ಉಪನಿಯಮಗಳಿವೆ. ತಂದೆ ಮೊದಲು ಬಂದು, ತಾಯಿ ಮಕ್ಕಳು ಮತ್ತೊಂದು ವರ್ಷ ಊರಲ್ಲೇ ಇರಲಿ ಎಂದು ಯೋಚಿಸುವ ಕುಟುಂಬಗಳು ಈ ಲೆಕ್ಕವನ್ನು ಮೊದಲು ಮಾಡಬೇಕು. ಓದಿದ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು ಬಿಇಒ ಸಹಿ ಹಾಕಿಸಿ ಇಟ್ಟುಕೊಳ್ಳಿ.

ಚರ್ಚ್ ಕಾರ್ಯಕರ್ತರು ಮಾಡಬಹುದಾದದ್ದು

ಬ್ಯಾಂಕ್ ನೌಕರರಿಗೆ ಕೇಳಲು, ಓಡಾಡಲು ಗೊತ್ತು. ರಸ್ತೆ ಕಾಮಗಾರಿಗೆ, ಇಟ್ಟಿಗೆ ಭಟ್ಟಿಗೆ, ತೋಟದ ಕೆಲಸಕ್ಕೆ ಬಂದ ಹೊರರಾಜ್ಯದ ಕುಟುಂಬಕ್ಕೆ ಗೊತ್ತಿರುವುದಿಲ್ಲ. ಟಿ.ಸಿ. ಇಲ್ಲ, ಭಾಷೆ ಬಾರದು ಎಂದು ಅವರ ಮಕ್ಕಳು ತಮ್ಮ-ತಂಗಿಯರನ್ನು ನೋಡಿಕೊಂಡು ಶೆಡ್ಡಿನಲ್ಲೇ ಉಳಿಯುತ್ತಾರೆ. ಅಂಥ ಮಗುವನ್ನು ಕಂಡರೆ ಹೆಸರು, ವಯಸ್ಸು, ಇರುವ ಸ್ಥಳ ಬರೆದುಕೊಂಡು ಹತ್ತಿರದ ಶಾಲೆಗೆ ಅಥವಾ ಸಿಆರ್‌ಪಿಗೆ ತಿಳಿಸಿ, ಒಂದು ದಿನ ಪಾಲಕರ ಜೊತೆಗೆ ಹೋಗಿ ಬನ್ನಿ. ಕಾಯ್ದೆ ಮಗುವಿನ ಪರವಾಗಿದೆ. ಅದನ್ನು ಶಾಲೆಯ ಬಾಗಿಲಲ್ಲಿ ಹೇಳಲು ಒಬ್ಬರು ಬೇಕು.

ಕೊನೆಯದಾಗಿ ಪಾಲಕರಿಗೆ ಒಂದು ಮಾತು. ಒಂದೇ ಶಾಲೆ ನೋಡಿ ನಿರ್ಧರಿಸಬೇಡಿ. ಕನಿಷ್ಠ ಮೂರು ಶಾಲೆಗಳನ್ನು ಪಾಠ ನಡೆಯುವ ದಿನ ಹೋಗಿ ನೋಡಿ. ಮಗುವನ್ನೂ ಕರೆದುಕೊಂಡು ಹೋಗಿ. ಊರು, ಗೆಳೆಯರು, ಭಾಷೆ ಎಲ್ಲವನ್ನೂ ಬಿಟ್ಟು ಬಂದಿರುವುದು ಮಗು. ನಾಳೆಯಿಂದ ಆ ಬೆಂಚಿನಲ್ಲಿ ಕೂರಬೇಕಾದದ್ದೂ ಅದೇ.